ಹಿಮದೂರಿನ ಮನೆ, ಅಂಗಳದ ಟ್ಯಾಂಕಿ

ಮನೆ ನೋಡುವುದು ನನಗೆ ಹೊಸದಲ್ಲ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕಳೆದವನು ನಾನು. ಅದರಲ್ಲಿ ಅರ್ಧದಷ್ಟು ಕಾಲ ಗೃಹಸಾಲದ ಅರ್ಜಿಗಳ ಹಿಂದೆ ಪುತ್ತೂರು, ಬಂಟ್ವಾಳ, ಸುಳ್ಯದ ಕಡೆ ಓಡಾಡಿದ್ದೇನೆ. ಗೋಡೆ ತಟ್ಟಿ, ಬಾವಿ ಇಣುಕಿ, ನೆರೆಮನೆಯವರ ಬಳಿ ದಾರಿಯ ತಕರಾರು ಏನಾದರೂ ಉಂಟೋ ಎಂದು ಮೆಲ್ಲಗೆ ಕೇಳಿ, ಬೆಲ್ಲ ನೀರು ಕುಡಿದು ಬಂದು ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಆದರೆ ಜೂನ್ ತಿಂಗಳಲ್ಲಿ ಉಣ್ಣೆಯ ಟೊಪ್ಪಿ ಹಾಕಿಕೊಂಡು, ಮೂಲೆಯಲ್ಲಿ ಇನ್ನೂ ಕರಗದ ಹಿಮದ ರಾಶಿಯ ಪಕ್ಕ ನಿಂತು, ಮಗಳಿಗಾಗಿ ಒಂದು ಮನೆಯ ಯೋಗ್ಯತೆ ಅಳೆಯಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಊರಿನ ಹೆಸರು ಮ್ಯಾಮತ್ ಲೇಕ್ಸ್. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪೂರ್ವ ಅಂಚಿನಲ್ಲಿ, ಸಿಯೆರಾ ನೆವಾಡ ಪರ್ವತಸಾಲಿನ ಬೆನ್ನಿಗೆ ಅಂಟಿಕೊಂಡ ಏಳು ಸಾವಿರ ಚಿಲ್ಲರೆ ಜನರ ಪುಟ್ಟ ಊರು. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ ಇದಕ್ಕಿಂತ ಸುಮಾರು 500 ಮೀಟರ್ ಕೆಳಗೆ! ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಮೋಜಿಗೆಂದು ಲಾಸ್ ಏಂಜಲೀಸಿನಿಂದ ಜನ ಇಲ್ಲಿಗೆ ಸಾಲುಗಟ್ಟಿ ಬರುತ್ತಾರೆ. ಜಾರುವವರು ಇದ್ದಲ್ಲಿ ಬೀಳುವವರೂ ಇರುತ್ತಾರಲ್ಲ? ಬಿದ್ದವರ ಕೈಕಾಲು ನೆಟ್ಟಗೆ ಮಾಡುವ ಫಿಸಿಯೋಥೆರಪಿ ಕೆಲಸ ನಮ್ಮ ಅಳಿಯನದು. ಮಗಳು ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ನಾಲ್ಕು ವರ್ಷದ ಮೊಮ್ಮಗ ಇದ್ದಾನೆ. ಎರಡು ವರ್ಷ ಬಾಡಿಗೆ ಮನೆಯಲ್ಲಿದ್ದು, ಈಗ ಸ್ವಂತ ಸೂರು ಮಾಡಿಕೊಳ್ಳುವ ಹಂಬಲ.

ನಾಲ್ಕನೆಯ ಮನೆ

ಲಾಸ್ ಏಂಜಲೀಸಿನಿಂದ ಉತ್ತರಕ್ಕೆ ಐದು ಗಂಟೆಯ ಕಾರಿನ ದಾರಿ. ಮೊಹಾವಿ ಮರುಭೂಮಿ ದಾಟಿ 395ನೇ ಹೆದ್ದಾರಿ ಹಿಡಿದರೆ ಎಡಕ್ಕೆ ಸಿಯೆರಾದ ಗೋಡೆ, ಬಲಕ್ಕೆ ಬೋಳು ಬೆಟ್ಟ, ನಡುವೆ ಓವೆನ್ಸ್ ಕಣಿವೆ. ಒಂದು ಕಾಲದಲ್ಲಿ ಹಸಿರಾಗಿದ್ದ ಈ ಕಣಿವೆಯ ನೀರನ್ನು ಲಾಸ್ ಏಂಜಲೀಸ್ ನಗರ 1913ರಿಂದ ಕಾಲುವೆಯಲ್ಲಿ ಎಳೆದುಕೊಂಡಿತು. ಕೆರೆ ಬತ್ತಿ ದೂಳು ಉಳಿಯಿತು. ದಾರಿಬದಿಯ ಮಂಜನಾರ್‌ನಲ್ಲಿ ಎರಡನೇ ಮಹಾಯುದ್ಧ ಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಶಿಬಿರದ ಜಾಗವಿದೆ. ಮನೆ ಕಳೆದುಕೊಂಡವರ ಕತೆಗಳನ್ನು ದಾಟಿಕೊಂಡೇ ನಾವು ಮನೆ ನೋಡಲು ಹೊರಟಿದ್ದೆವು.

ಮೂರು ಮನೆ ನೋಡಿದ್ದಾಯಿತು. ಒಂದು ಕೈಗೆಟುಕದ ಬೆಲೆ, ಇನ್ನೊಂದು ಕತ್ತಲೆ, ಮೂರನೆಯದರ ಮಾಡಿನ ಮರ ಬಾಗಿತ್ತು. ನಾಲ್ಕನೆಯದು ಮಗಳ ಮನಸ್ಸಿಗೆ ಹಿಡಿಸಿದ್ದು. ಹನ್ನೆರಡು ಮನೆಗಳ ಒಂದು ಸಣ್ಣ ವಠಾರ. ಪೈನ್ ಮರಗಳ ನಡುವೆ, ಕಂದು ಬಣ್ಣದ, ಕಡಿದಾದ ಮಾಡಿನ ಮನೆಗಳು. ಮೂರು ಕೋಣೆ, ದೊಡ್ಡ ಕಿಟಕಿ, ಕಿಟಕಿಯಲ್ಲಿ ಪರ್ವತ. ಬೆಲೆ ಪಕ್ಕದ ಬೀದಿಯ ಅಂಥದೇ ಮನೆಗಿಂತ ಕಡಿಮೆ. ಬ್ಯಾಂಕಿನವನ ಮೂಗು ಅಲ್ಲಿಯೇ ನೆಟ್ಟಗಾಗುವುದು. ಕಡಿಮೆ ಯಾಕೆ?

ಹಿತ್ತಲ ಬಾಗಿಲು ತೆರೆದಾಗ ಉತ್ತರ ಕಂಡಿತು. ಬೇಲಿಯೊಳಗೆ ಬಿಳಿ ಬಣ್ಣದ, ಮಲಗಿಸಿದ ಹಂಡೆಯಂಥ ಉಕ್ಕಿನ ಟ್ಯಾಂಕಿ. ಹನ್ನೆರಡು ಮನೆಗಳಿಗೂ ಅಡುಗೆಗೆ, ಬಿಸಿನೀರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಮನೆ ಬೆಚ್ಚಗಿಡುವುದಕ್ಕೆ ಅದರಿಂದಲೇ ನೆಲದಡಿಯ ಕೊಳವೆಗಳಲ್ಲಿ ಗ್ಯಾಸ್ ಹೋಗುತ್ತದೆ. ಪ್ರತಿ ಮನೆಗೂ ಒಂದು ಮೀಟರು. ಈ ಊರಿಗೆ ದೊಡ್ಡ ನಗರಗಳಂತೆ ನೈಸರ್ಗಿಕ ಅನಿಲದ ಕೊಳವೆ ಬಂದಿಲ್ಲ. ಇಲ್ಲಿ ಪ್ರೊಪೇನೇ ಗತಿ. ಹಾಗಾಗಿ ಟ್ಯಾಂಕಿ ಊರಲ್ಲಿ ಎಲ್ಲೆಲ್ಲೂ ಇದೆ. ಆದರೆ ಈ ಮನೆಗೆ ಅದು ತೀರ ಹತ್ತಿರ.

ನನ್ನ ಮನೆಯಾಕೆ ಹೊಸ್ತಿಲು ದಾಟಲಿಲ್ಲ. ಟ್ಯಾಂಕಿಯನ್ನು ಒಮ್ಮೆ ನೋಡಿದಳು, ಮಗುವಿನ ಕೈ ಹಿಡಿದುಕೊಂಡು ಕಾರಿಗೆ ಹೋಗಿ ಕೂತಳು. ಯಾಕೆಂದು ನಾನು ಕೇಳಲಿಲ್ಲ, ಗೊತ್ತಿತ್ತು. ಅವಳ ತವರು ಉಪ್ಪಿನಂಗಡಿ ಕಡೆ, ಹೆದ್ದಾರಿಯಿಂದ ಕೂಗಳತೆ ದೂರ. ಮಂಗಳೂರಿನಿಂದ ಘಾಟಿ ಹತ್ತುವ ಬುಲೆಟ್ ಟ್ಯಾಂಕರುಗಳನ್ನು ನೋಡುತ್ತಲೇ ಬೆಳೆದವರು ಆ ಕಡೆಯವರು. 2013ರ ಏಪ್ರಿಲಿನಲ್ಲಿ ಪೆರ್ನೆಯಲ್ಲಿ ಅಂಥದೊಂದು ಟ್ಯಾಂಕರ್ ಉರುಳಿ, ಸೋರಿದ ಗ್ಯಾಸಿಗೆ ಬೆಂಕಿ ತಗುಲಿ, ರಸ್ತೆಬದಿಯ ಮನೆಗಳವರು ಬೆಂದು ಸತ್ತದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಅದರ ಹಿಂದಿನ ವರ್ಷ ಕಣ್ಣೂರಿನ ಚಾಲದಲ್ಲೂ ಹೀಗೇ ಆಗಿತ್ತು.

ರಾತ್ರಿ ಊಟದ ಹೊತ್ತಿಗೆ ಅವಳು ಹೇಳಿದ್ದು ಒಂದೇ ಮಾತು: “ಮನೆ ಚೆಂದ ಉಂಟು ಮಗಾ. ಆದರೆ ಟ್ಯಾಂಕಿಯ ಹತ್ತಿರ ಬೇಡ.”

ಮಗಳ ಮುಖ ಸಣ್ಣದಾಯಿತು. “ಅಪ್ಪಾ, ನೀವು ಅಷ್ಟು ಜನರ ಮನೆ ನೋಡಿ ಸಾಲ ಕೊಟ್ಟವರು. ನೀವೇ ನೋಡಿ ಹೇಳಿ. ಬೇಡ ಎಂದರೆ ಬಿಡುತ್ತೇವೆ” ಎಂದಳು. ತಾಯಿ ಮಗಳ ನಡುವೆ ತೀರ್ಪು ಕೊಡುವ ಕೆಲಸ ಯಾವ ಬ್ಯಾಂಕಿನ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ!

ಹಂಡೆಯೊಳಗೆ ಏನಿದೆ?

ಮರುದಿನದಿಂದ ನನ್ನ ಹಳೆಯ ವೃತ್ತಿ ಮತ್ತೆ ಶುರುವಾಯಿತು. ಮೊದಲು ತಿಳಿಯಬೇಕಾದ್ದು, ಹಂಡೆಯೊಳಗೆ ಏನಿದೆ, ಎಷ್ಟಿದೆ ಎಂಬುದು.

ನಮ್ಮ ಅಡುಗೆ ಮನೆಯ ಸಿಲಿಂಡರಿನಲ್ಲಿ ಇರುವುದು ಬ್ಯೂಟೇನ್ ಮತ್ತು ಪ್ರೊಪೇನ್‌ಗಳ ಮಿಶ್ರಣ. ಬ್ಯೂಟೇನ್ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯಲ್ಲೇ ಕುದಿದು ಅನಿಲವಾಗುವ ದ್ರವ. ಅದಕ್ಕಿಂತ ಚಳಿಯಾದರೆ ದ್ರವವಾಗಿಯೇ ಕೂತುಬಿಡುತ್ತದೆ, ಒಲೆ ಉರಿಯುವುದಿಲ್ಲ. ಹಿಮದೂರಿಗೆ ಅದು ಪ್ರಯೋಜನವಿಲ್ಲ. ಪ್ರೊಪೇನ್ ಆದರೆ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಅನಿಲವಾಗಬಲ್ಲದು. ಹಾಗಾಗಿ ಇಲ್ಲಿ ಬರೀ ಪ್ರೊಪೇನ್.

ಈ ಟ್ಯಾಂಕಿ 2,000 ಗ್ಯಾಲನ್ನಿನದು, ಎಂದರೆ ಸುಮಾರು 7,570 ಲೀಟರು. ಪೂರ್ತಿ ತುಂಬುವುದಿಲ್ಲ. ಬಿಸಿಲಿಗೆ ದ್ರವ ಹಿಗ್ಗುವುದರಿಂದ ನೂರಕ್ಕೆ 80ರಷ್ಟು ಮಾತ್ರ ತುಂಬಿ ಉಳಿದದ್ದನ್ನು ಖಾಲಿ ಬಿಡಬೇಕು. ಕಾಗದದ ಮೇಲೆ ಲೆಕ್ಕ ಹಾಕಿದೆ. ಮೂರು ಟನ್ನು ಗ್ಯಾಸು. ನಮ್ಮ 14.2 ಕಿಲೋದ ಸಿಲಿಂಡರುಗಳ ಲೆಕ್ಕದಲ್ಲಿ ಇನ್ನೂರಕ್ಕೂ ಹೆಚ್ಚು. ಹೆದ್ದಾರಿಯ 18 ಟನ್ನಿನ ಬುಲೆಟ್ ಟ್ಯಾಂಕರಿನ ಆರನೇ ಒಂದು ಪಾಲು. ಕಡಿಮೆಯೇನಲ್ಲ.

ಸೋರಿದರೆ ಏನಾಗುತ್ತದೆ? ದ್ರವ ಪ್ರೊಪೇನ್ ಅನಿಲವಾದಾಗ ಸುಮಾರು 270 ಪಟ್ಟು ಹಿಗ್ಗುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಮೇಲೆ ಹೋಗದೆ ನೆಲ ಹಿಡಿದು ತಗ್ಗಿನ ಕಡೆ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಇನ್ನೂ ಭೀಕರವಾದದ್ದು ಟ್ಯಾಂಕಿಯ ಹೊರಗೆ ಬೆಂಕಿ ಬಿದ್ದು, ಕಾದ ಉಕ್ಕು ಹರಿದು, ಒಳಗಿನದೆಲ್ಲ ಒಮ್ಮೆಗೇ ಬೆಂಕಿಯ ಚೆಂಡಾಗುವುದು. 1984ರ ನವೆಂಬರಿನಲ್ಲಿ ಮೆಕ್ಸಿಕೋ ನಗರದ ಅಂಚಿನ ಸ್ಯಾನ್ ಹುವಾನಿಕೋದಲ್ಲಿ ದೊಡ್ಡ ಗ್ಯಾಸ್ ಸಂಗ್ರಹಾಗಾರವೊಂದು ಹೀಗೆ ಸಿಡಿದು ಸುಮಾರು 500 ಜನ ಸತ್ತರು. ಸಂಗ್ರಹಾಗಾರದ ಬೇಲಿಗೆ ತಾಗಿಕೊಂಡೇ ಮನೆಗಳು ಬೆಳೆದಿದ್ದವು.

ಆದರೆ ಬ್ಯಾಂಕಿನವನು ಹೆದರಿಕೆಯ ಖಾತೆಯ ಒಂದೇ ಬದಿ ನೋಡಬಾರದು. ಅಮೆರಿಕದ ಅಗ್ನಿ ಸುರಕ್ಷಾ ಸಂಹಿತೆಯಲ್ಲಿ ಇದಕ್ಕೊಂದು ಅಳತೆ ಇದೆ. ನೆಲದ ಮೇಲಿನ ಟ್ಯಾಂಕಿ 501ರಿಂದ 2,000 ಗ್ಯಾಲನ್ನಿನ ಒಳಗಿದ್ದರೆ ಮನೆಯಿಂದ ಕನಿಷ್ಠ 25 ಅಡಿ ದೂರ. ಅದಕ್ಕಿಂತ ದೊಡ್ಡದು, 30,000 ಗ್ಯಾಲನ್ನಿನವರೆಗಿನದು, 50 ಅಡಿ ದೂರ. ನಾನು ಹಿತ್ತಲಲ್ಲಿ ಹೆಜ್ಜೆ ಹಾಕಿ ಅಳೆದೆ. ಅಳಿಯ ಟೇಪು ಹಿಡಿದು ಅಳೆದ. ನನ್ನ ಹೆಜ್ಜೆಗೆ 35 ಅಡಿ, ಅವನ ಟೇಪಿಗೆ 34. ನಿಯಮಕ್ಕೆ ಸರಿ. ಮನೆಯಾಕೆಯ ಮನಸ್ಸಿಗೆ ಸರಿಯೇ? ನಿಯಮದ ಅಳತೆ ಬೇರೆ, ನಿದ್ದೆಯ ಅಳತೆ ಬೇರೆ.

ವಾಸನೆಯಿಲ್ಲದ ಸಾವು

ತಲೆ ತಿಳಿಯಾಗಲೆಂದು ಮಗಳು ನಮ್ಮನ್ನು ಊರ ಮೇಲಿನ ಹಾರ್ಸ್‌ಶೂ ಸರೋವರಕ್ಕೆ ಕರೆದೊಯ್ದಳು. ಕುದುರೆಲಾಳದ ಆಕಾರದ ನೀಲಿ ನೀರು, ಸುತ್ತ ಹಿಮದ ಶಿಖರಗಳು. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಂಡದ್ದು ಮಾತ್ರ ಬೇರೆಯೇ. ಎಕರೆಗಟ್ಟಲೆ ಮರಗಳು ನಿಂತಲ್ಲೇ ಸತ್ತಿವೆ. ಎಲೆಯಿಲ್ಲ, ತೊಗಟೆಯಿಲ್ಲ, ಬೂದಿಯ ಬಣ್ಣದ ಬರೀ ಕಂಬಗಳು. ಬೆಂಕಿ ಬಿದ್ದ ಗುರುತೂ ಇಲ್ಲ.

ಮ್ಯಾಮತ್ ಪರ್ವತವೆಂದರೆ ಜ್ವಾಲಾಮುಖಿ. 1989ರಲ್ಲಿ ಅದರ ಅಡಿಯಲ್ಲಿ ತಿಂಗಳುಗಟ್ಟಲೆ ಸಣ್ಣ ಸಣ್ಣ ಭೂಕಂಪಗಳಾದವು. ಮರುವರ್ಷದಿಂದ ಮರಗಳು ಸಾಯತೊಡಗಿದವು. ಬರವೆಂದರು, ಹುಳವೆಂದರು. ಕೊನೆಗೆ ಮಣ್ಣು ಪರೀಕ್ಷಿಸಿದಾಗ ಗೊತ್ತಾಯಿತು, ಭೂಗರ್ಭದಿಂದ ಇಂಗಾಲದ ಡೈಆಕ್ಸೈಡ್ ಮೇಲೇಳುತ್ತಿದೆ, ಬೇರುಗಳಿಗೆ ಉಸಿರು ಕಟ್ಟಿದೆ. ಕೆಲವೆಡೆ ಮಣ್ಣಿನೊಳಗಿನ ಗಾಳಿಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಅದೇ. ಸತ್ತ ಕಾಡು ಸುಮಾರು 100 ಎಕರೆ. 1990ರಲ್ಲಿ ಹಿಮ ಮುಚ್ಚಿದ್ದ ಗುಡಿಸಲೊಂದನ್ನು ಹೊಕ್ಕ ಅರಣ್ಯ ರಕ್ಷಕನಿಗೆ ಉಸಿರು ಸಿಕ್ಕಿಕೊಂಡಿತ್ತು. ಬದುಕಿ ಹೊರಬಂದ. 2006ರ ಏಪ್ರಿಲಿನಲ್ಲಿ ಪರ್ವತದ ಮೇಲೆ ಹಿಮ ಕುಸಿದು ಅನಿಲ ಉಗುಳುವ ಬಿಲಕ್ಕೆ ಬಿದ್ದ ಇಬ್ಬರೂ, ಅವರನ್ನು ಎತ್ತಲು ಇಳಿದ ಇನ್ನೊಬ್ಬರೂ ಸತ್ತರು. ಮೂವರೂ ಅಲ್ಲಿನ ರಕ್ಷಣಾ ಪಡೆಯವರೇ.

ಎಚ್ಚರಿಕೆಯ ಫಲಕದ ಮುಂದೆ ಮನೆಯಾಕೆ ಬಹಳ ಹೊತ್ತು ನಿಂತಳು. ಮಗಳು ಓದಿ ಅರ್ಥ ಹೇಳಿದಳು. ಈ ಅನಿಲವೂ ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ. ಹಳ್ಳದಲ್ಲಿ, ಹಿಮದ ಗುಳಿಯಲ್ಲಿ ಕೂರಬಾರದು, ಮಕ್ಕಳನ್ನು ಬಿಡಬಾರದು.

“ಇದಕ್ಕೆ ವಾಸನೆ ಉಂಟಾ?” ಎಂದು ಕೇಳಿದಳು.

“ಇಲ್ಲಮ್ಮಾ.”

“ಆ ಟ್ಯಾಂಕಿಯದ್ದಕ್ಕೆ?”

“ಅದಕ್ಕೆ ಉಂಟು.”

ನಿಜವೆಂದರೆ ಪ್ರೊಪೇನಿಗೂ ಸ್ವಂತ ವಾಸನೆಯಿಲ್ಲ. ಕೊಳೆತ ಮೊಟ್ಟೆಯಂಥ ಆ ನಾತ ಮನುಷ್ಯ ಸೇರಿಸಿದ್ದು, ಮರ್ಕ್ಯಾಪ್ಟನ್ ಎಂಬ ವಸ್ತುವಿನದು. 1937ರಲ್ಲಿ ಟೆಕ್ಸಾಸಿನ ನ್ಯೂ ಲಂಡನ್ ಎಂಬಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಶಾಲೆಯೊಂದರ ಅಡಿಯಲ್ಲಿ ತುಂಬಿ ಸಿಡಿದು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳೇ, ತೀರಿಹೋದರು. ಅನಿಲಕ್ಕೆ ನಾತ ಬೆರೆಸುವ ಕಾನೂನು ಬಂದದ್ದು ಅದರ ಬಳಿಕ. ನಮ್ಮ ಅಡುಗೆ ಮನೆಯಲ್ಲಿ ಸಿಲಿಂಡರು ನಾರಿದಾಗ ನಾವು ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಆ ನಾತದ ಹಿಂದೆ ಆ ಮಕ್ಕಳಿದ್ದಾರೆ.

ಬೆಲೆ ಇಳಿಸಿದ ಒಂದು ಕಾಗದ

ಅಪಾಯ ಮತ್ತು ಮನೆಯ ಬೆಲೆಯ ಸಂಬಂಧಕ್ಕೆ ಈ ಊರಿನಲ್ಲೇ ಒಂದು ಹಳೆಯ ಕತೆ ಉಂಟು. ಊರು ಕೂತಿರುವುದು ಲಾಂಗ್ ವ್ಯಾಲಿ ಎಂಬ ಮಹಾ ಕುಳಿಯ ಅಂಚಿನಲ್ಲಿ. ಸುಮಾರು 7 ಲಕ್ಷ 60 ಸಾವಿರ ವರ್ಷಗಳ ಹಿಂದೆ ಇಲ್ಲಿ ಸಿಡಿದ ಜ್ವಾಲಾಮುಖಿಯ ಬೂದಿ ಅಮೆರಿಕದ ನಡುನಾಡಿನವರೆಗೂ ಹೋಗಿ ಬಿದ್ದಿತ್ತು. 1980ರ ಮೇ ತಿಂಗಳಲ್ಲಿ 6ರ ಆಸುಪಾಸಿನ ತೀವ್ರತೆಯ ನಾಲ್ಕು ಭೂಕಂಪಗಳಾದವು. ನೆಲ ಉಬ್ಬುತ್ತಿರುವುದನ್ನು ಕಂಡ ಅಮೆರಿಕದ ಭೂಗರ್ಭ ಸರ್ವೇಕ್ಷಣೆಯವರು 1982ರಲ್ಲಿ, ಜ್ವಾಲಾಮುಖಿಯ ಅಪಾಯ ಇರಬಹುದೆಂದು ಒಂದು ಸೂಚನಾ ಪತ್ರ ಹೊರಡಿಸಿದರು.

ಜ್ವಾಲಾಮುಖಿ ಸಿಡಿಯಲಿಲ್ಲ, ಜನ ಸಿಡಿದರು! ಪ್ರವಾಸಿಗಳು ಕಡಿಮೆಯಾದರು, ಮನೆಗಳ ಬೆಲೆ ಕುಸಿಯಿತು. ಆಗ ಊರಿಂದ ಹೊರಹೋಗಲು ಎಲ್ಲ ಕಾಲಕ್ಕೂ ಒದಗುವ ರಸ್ತೆ ಇದ್ದದ್ದು ಒಂದೇ. ಹಾಗಾಗಿ ತಪ್ಪಿಸಿಕೊಳ್ಳಲೆಂದು ಕಾಡಿನ ನಡುವೆ ಇನ್ನೊಂದು ರಸ್ತೆ ಮಾಡಿದರು. ಅದನ್ನು ಪಲಾಯನದ ದಾರಿ ಎಂದು ಕರೆದರೆ ಪ್ರವಾಸಿ ಬಂದಾನೆಯೇ? ಮ್ಯಾಮತ್ ಸೀನಿಕ್ ಲೂಪ್, ಎಂದರೆ ಮ್ಯಾಮತ್ ಚೆಲುವಿನ ಸುತ್ತುದಾರಿ, ಎಂದು ಹೆಸರಿಟ್ಟರು. ನಾವೂ ಅದರಲ್ಲಿ ಒಂದು ಸುತ್ತು ಹೋದೆವು. ಹೆಸರು ಸುಳ್ಳಲ್ಲ, ದಾರಿ ನಿಜಕ್ಕೂ ಚೆಲುವಾಗಿದೆ.

ನನಗೆ ಒಂದು ವಿಷಯ ಹೊಳೆದದ್ದು ಆ ದಾರಿಯಲ್ಲಿ. ಬೆಲೆ ಇಳಿಯುವುದು ಅಪಾಯ ಇದೆ ಎಂದಲ್ಲ, ಅಪಾಯ ಕಣ್ಣಿಗೆ ಬಿತ್ತು ಎಂದು. ಕುಳಿ 1982ಕ್ಕೆ ಮೊದಲೂ ಇತ್ತು, ಈಗಲೂ ಇದೆ, ಆದರೆ ಕಾಗದ ಮರೆತುಹೋಯಿತು, ಬೆಲೆ ಮತ್ತೆ ಏರಿತು. ವಠಾರದ ಹಿತ್ತಲ ಮನೆಯ ಬೆಲೆ ಕಡಿಮೆ, ಏಕೆಂದರೆ ಅದರ ಕಿಟಕಿಗೆ ಟ್ಯಾಂಕಿ ಕಾಣುತ್ತದೆ. ಅದೇ ಕೊಳವೆಯ ಗ್ಯಾಸು ಉರಿಸುವ ಮುಂದಿನ ಸಾಲಿನವರಿಗೆ ಅದು ಕಾಣುವುದಿಲ್ಲ, ಅಷ್ಟೇ. ವಿಮೆಯವರನ್ನು ವಿಚಾರಿಸಿದಾಗ ಅವರು ಟ್ಯಾಂಕಿಯ ಬಗ್ಗೆ ಒಂದು ಪ್ರಶ್ನೆ ಕೇಳಿ, ಮರಗಳ ಬಗ್ಗೆ ಹತ್ತು ಪ್ರಶ್ನೆ ಕೇಳಿದರು. ಮಾಡಿಗೆ ಎಷ್ಟು ಹತ್ತಿರ, ಒಣ ಎಲೆ ಗುಡಿಸುತ್ತೀರಾ ಎಂದು. ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಹೆದರಿಕೆಗೆ ಮನೆವಿಮೆ ಸಿಗುವುದೇ ಕಷ್ಟವಾಗಿದೆ.

ಹಿಮದ ಭಾರ

ಹಾಗಾದರೆ ಟ್ಯಾಂಕಿಯ ನಿಜವಾದ ಅಪಾಯ ಎಲ್ಲಿದೆ? ಇದನ್ನು ಹೇಳಿದ್ದು ವಠಾರದ ಹಿರಿಯ ನಿವಾಸಿಯೊಬ್ಬರು. ನಾನು ಊರಿನ ಅಭ್ಯಾಸದಂತೆ ನೆರೆಮನೆ ಬಾಗಿಲು ತಟ್ಟಿದ್ದೆ. ಬೆಲ್ಲ ನೀರಿಲ್ಲದಿದ್ದರೂ ಕಾಫಿ ಸಿಕ್ಕಿತು. “ಟ್ಯಾಂಕಿ ಗಟ್ಟಿ. ಮುರಿಯುವುದು ಅದರ ಕುತ್ತಿಗೆ” ಎಂದರು ಅವರು.

2022-23ರ ಚಳಿಗಾಲದಲ್ಲಿ ಈ ಪರ್ವತದ ಮೇಲೆ 700 ಇಂಚಿಗೂ ಹೆಚ್ಚು ಹಿಮ ಬಿತ್ತು. ಎಂದರೆ ಹದಿನೇಳು ಮೀಟರಿಗೂ ಮಿಕ್ಕಿ! ಮನೆಗಳ ಎರಡನೇ ಮಹಡಿಯ ಕಿಟಕಿಗಳೂ ಮುಚ್ಚಿಹೋಗಿದ್ದವು. ಕಡಿದಾದ ಮಾಡಿನಿಂದ ಹಿಮ ಬಂಡೆಯಂತೆ ಜಾರಿ ಬೀಳುತ್ತದೆ. ಅದರ ಭಾರಕ್ಕೆ ಒತ್ತಡ ತಗ್ಗಿಸುವ ರೆಗ್ಯುಲೇಟರು, ಮೀಟರಿನ ಬಳಿಯ ಕೊಳವೆ ಸೀಳುತ್ತವೆ. ಸೋರಿದ ಗ್ಯಾಸಿಗೆ ಮೇಲೆ ಹೋಗಲು ಹಿಮ ಬಿಡುವುದಿಲ್ಲ. ಅದು ಹಿಮದಡಿಯಲ್ಲೇ ತೆವಳಿ ಮನೆಯ ತಳಕ್ಕೆ ನುಗ್ಗುತ್ತದೆ. ಆ ವರ್ಷ ಸಿಯೆರಾದ ಹಿಮದೂರುಗಳಲ್ಲಿ ಪ್ರೊಪೇನ್ ಸೋರಿಕೆ, ಸ್ಫೋಟಗಳಾದದ್ದು ಹೀಗೆಯೇ. ಇನ್ನೊಂದು ಕಂಟಕವೆಂದರೆ ಹೊಗೆ ಹೋಗುವ ಕೊಳವೆ ಹಿಮದಿಂದ ಮುಚ್ಚಿದರೆ ಮನೆಯೊಳಗೆ ಇಂಗಾಲದ ಮಾನಾಕ್ಸೈಡ್ ತುಂಬುವುದು. ಅದಕ್ಕೂ ವಾಸನೆಯಿಲ್ಲ.

ಎಂದರೆ ಟ್ಯಾಂಕಿಗೆ 34 ಅಡಿ ದೂರವಿದ್ದೇವೆಯೋ 100 ಅಡಿಯೋ ಎನ್ನುವುದಕ್ಕಿಂತ, ಚಳಿಗಾಲದ ನಡುರಾತ್ರಿ ಸಲಿಕೆ ಹಿಡಿಯುವವರು ಯಾರು ಎಂಬುದು ದೊಡ್ಡ ಪ್ರಶ್ನೆ. ಹಂಚಿಕೊಂಡ ವಸ್ತುವಿನ ತೊಂದರೆಯೇ ಅದು. ಹನ್ನೆರಡು ಮನೆಯ ಟ್ಯಾಂಕಿ ಹನ್ನೆರಡು ಜನರದೂ ಹೌದು, ಯಾರದೂ ಅಲ್ಲ. ನಮ್ಮೂರ ಸಾರ್ವಜನಿಕ ಬಾವಿಯ ಹಗ್ಗದ ಹಾಗೆ.

ನಾನು ಒಂದು ಹಾಳೆಯಲ್ಲಿ ಪ್ರಶ್ನೆ ಬರೆದೆ. ಟ್ಯಾಂಕಿ ಯಾರದು, ಗ್ಯಾಸ್ ಕಂಪೆನಿಯದೋ ವಠಾರದ ಸಂಘದ್ದೋ? ಕಂಪೆನಿಯದಾದರೆ ಅವರಿಂದಲೇ ಗ್ಯಾಸು ಕೊಳ್ಳಬೇಕು, ದರ ಅವರದೇ. ನೆಲದಡಿಯ ಕೊಳವೆ ರಿಪೇರಿ ಯಾರ ಖರ್ಚು? ರೆಗ್ಯುಲೇಟರಿಗೆ ಹಿಮದಿಂದ ರಕ್ಷಣೆಯ ಹೊದಿಕೆ ಉಂಟೇ? ಹಿಮ ತೆಗೆಯುವ ಗುತ್ತಿಗೆ ಯಾರಿಗೆ? ಕೊನೆಯ ಸೋರಿಕೆ ತಪಾಸಣೆ ಯಾವಾಗ? ಅಮೆರಿಕದಲ್ಲಿ ಒಂದೇ ವ್ಯವಸ್ಥೆಯಿಂದ ಹತ್ತು ಅಥವಾ ಹೆಚ್ಚು ಮನೆಗಳಿಗೆ ಪ್ರೊಪೇನ್ ಹೋಗುತ್ತಿದ್ದರೆ ಅದು ಕೇಂದ್ರ ಸರಕಾರದ ಕೊಳವೆ ಸುರಕ್ಷಾ ನಿಯಮಕ್ಕೆ ಒಳಪಡುತ್ತದೆ. ನಿಗದಿತ ಕಾಲಕ್ಕೆ ತಪಾಸಣೆ ಮಾಡಬೇಕು, ದಾಖಲೆ ಇಡಬೇಕು. ಇಲ್ಲಿ ಹನ್ನೆರಡು ಮನೆ. ಎಂದರೆ ಎಲ್ಲೋ ಒಂದು ಕಡತ ಇರಲೇಬೇಕು.

ಕಡತ ಕೇಳಿದ್ದೇ ತಡ, ಮನೆ ಮಾರುವವರ ನಗು ಸ್ವಲ್ಪ ಸಣ್ಣದಾಯಿತು. ಒಂದು ವಾರ ಏನೂ ಬರಲಿಲ್ಲ. ಬಂದ ಕಾಗದದಲ್ಲಿ ಹಿಮದ ವರ್ಷದ ಬಳಿಕ ರೆಗ್ಯುಲೇಟರು ಬದಲಿಸಿದ್ದು ಇತ್ತು, ಕೊಳವೆಯ ಸೋರಿಕೆ ತಪಾಸಣೆಯದು ಇರಲಿಲ್ಲ. “ಆ ಕಾಗದ ಇಲ್ಲದೆ ಮುಂಗಡ ಕೊಡಬೇಡಿ” ಎಂದೆ. ಅಳಿಯನಿಗೆ ಮನೆ ಕೈತಪ್ಪುವ ಆತಂಕ. “ಮಾವ, ಬೇರೆಯವರು ಕೊಂಡರೆ?” ಎಂದ. ಕೊಳ್ಳಲಿ ಎಂದೆ. ಹೇಳುವಾಗ ನನಗೂ ಹೊಟ್ಟೆಯಲ್ಲಿ ಸಂಕಟವೇ. ಆ ಕಿಟಕಿಯ ಪರ್ವತ ಮಗಳಿಗೆಷ್ಟು ಇಷ್ಟವೆಂದು ಗೊತ್ತಿತ್ತು.

ಮೂರು ವಾರದ ಬಳಿಕ ಹೊಸದಾಗಿ ತಪಾಸಣೆಯಾಯಿತು. ಯಂತ್ರ ಹಿಡಿದವರು ಕೊಳವೆಯ ಜಾಡಿನಲ್ಲಿ ನಡೆದರು. ಎರಡನೇ ಮನೆಯ ಮೀಟರಿನ ಬಳಿ ಒಂದು ಜೋಡಣೆ ಸಣ್ಣಗೆ ಸೋರುತ್ತಿತ್ತು, ಅದು ಮುಂದಿನ ಸಾಲಿನ, ಟ್ಯಾಂಕಿ ಕಾಣದ ಮನೆ! ಅಂದೇ ಸರಿಪಡಿಸಿದರು. ಕಾಗದ ಕೈಗೆ ಬಂತು.

ಮನೆಯಾಕೆಯ ಬಳಿ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಮೂರು ಶರತ್ತು ಹಾಕಿದಳು. ಮಗು ಮಲಗುವ ಕೋಣೆ ಮುಂದಿನ ಬದಿಯದಾಗಬೇಕು. ಗ್ಯಾಸಿನ ನಾತ ಬಂದರೆ ಏನನ್ನೂ ಮುಟ್ಟದೆ, ದೀಪದ ಗುಂಡಿಯನ್ನೂ ಒತ್ತದೆ, ಮಗುವನ್ನೆತ್ತಿಕೊಂಡು ಹೊರಗೆ ಓಡಬೇಕು, ಫೋನು ದೂರ ಹೋದ ಮೇಲೆ. ಮೂರನೆಯದು, ಗ್ಯಾಸ್ ಪತ್ತೆಯ ಯಂತ್ರ ನೆಲದ ಹತ್ತಿರ ಇಡಬೇಕು, ಗೋಡೆಯ ಮೇಲಲ್ಲ. “ಅದು ಕೆಳಗೇ ಹರಿಯುವುದಲ್ವಾ, ಆ ಸತ್ತ ಮರದ ಗಾಳಿಯ ಹಾಗೆ” ಎಂದಳು. ನನ್ನ ಎಲ್ಲ ಲೆಕ್ಕಕ್ಕಿಂತ ಚೆನ್ನಾಗಿ ಅವಳಿಗೆ ಅರ್ಥವಾಗಿತ್ತು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಈಗ ಗ್ಯಾಸ್ ಬ್ಯಾಂಕುಗಳಿವೆ. ನೆಲಮಹಡಿಯ ಶೆಡ್ಡಿನಲ್ಲಿ ಸಾಲು ಸಿಲಿಂಡರು, ಅಲ್ಲಿಂದ ಮನೆಮನೆಗೆ ಕೊಳವೆ. ಈಜುಕೊಳ ತೋರಿಸುವ ಉತ್ಸಾಹದಲ್ಲಿ ಆ ಶೆಡ್ಡನ್ನು ಯಾರೂ ತೋರಿಸುವುದಿಲ್ಲ. ಮನೆ ಕೊಳ್ಳುವವರು ಒಮ್ಮೆ ತಾವೇ ಹೋಗಿ ನೋಡಿ, ತಪಾಸಣೆಯ ಕಾಗದ ಕೇಳಿದರೆ ನಷ್ಟವಿಲ್ಲ.

ನಾವು ಊರಿಗೆ ಮರಳಿ ತಿಂಗಳುಗಳಾದವು. ಮಗಳು ಆ ಮನೆಯಲ್ಲೇ ಇದ್ದಾಳೆ. ಮೊದಲ ಹಿಮ ಬಿದ್ದ ರಾತ್ರಿ ಕಿಟಕಿಯ ಚಿತ್ರ ಕಳಿಸಿದಳು. ಪರ್ವತ, ಪೈನ್ ಮರ, ಮೂಲೆಯಲ್ಲಿ ಬಿಳಿ ಟ್ಯಾಂಕಿ, ಹಿಮದಲ್ಲಿ ಹೂತರೂ ಗುರುತು ಸಿಗಲೆಂದು ಅದರ ನಾಲ್ಕು ಮೂಲೆಗೆ ನೆಟ್ಟ ಕೆಂಪು ಕೋಲು. ನಮ್ಮಲ್ಲಿ ಆಗ ಬೆಳಗಿನ ಕಾಫಿಯ ಹೊತ್ತು. ಚಿತ್ರ ಚೆಂದ ಉಂಟೆಂದು ನಾನು ಹೇಳುವಷ್ಟರಲ್ಲಿ ಮನೆಯಾಕೆ ಫೋನು ತೆಗೆದುಕೊಂಡು ಕೇಳಿದಳು:

“ಟ್ಯಾಂಕಿಯ ಕುತ್ತಿಗೆಯ ಹಿಮ ತೆಗೆದಿರಾ ಮಗಾ?”